ಸಾಸಿವೆಗಿಂತ ಚಿಕ್ಕ ಗುಳ್ಳೆ

ಕಿರಿದಾದ ಶ್ವಾಸನಾಳವನ್ನು ತೆರೆದಿಡುವ ಸಿಲಿಕೋನ್ ಕೊಳವೆ, ಅಂದರೆ ಸ್ಟೆಂಟ್ ಮಾಡುವುದು ನಮ್ಮ ಕೆಲಸ. ಒಬ್ಬೊಬ್ಬರ ಸ್ಕ್ಯಾನ್ ನೋಡಿ ಅವರವರ ಅಳತೆಗೇ ಅಚ್ಚು ತೆಗೆಯುತ್ತೇವೆ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ.

ನನ್ನ ಪಕ್ಕದ ಮೇಜಿನವನನ್ನು ಎಲ್ಲರೂ ಸಾಣೆ ಎಂದೇ ಕರೆಯುತ್ತಿದ್ದೆವು. ಮೊದಲು ಕಟ್ಟುಹಲ್ಲು ಮಾಡುತ್ತಿದ್ದವನು, ಮೂಗಿನ ತುದಿಯಲ್ಲೇ ಕೋಪ. ಕೊಳವೆಯ ಅಂಚು ಉಜ್ಜಿ ಉಜ್ಜಿ ಕೆಳತುಟಿಗೆ ಸೋಕಿಸಿ ನೋಡುವನು. ನಮ್ಮದು ಒರಟೆನಿಸಿದರೆ ಮುಗಿಯಿತು: "ಇದನ್ನ ನಿನ್ನ ಗಂಟಲಲ್ಲಿ ಇಟ್ಕೋತೀಯಾ?"

ಅವನ ಅಕ್ಕನ ಶ್ವಾಸನಾಳವನ್ನು ಗೆಡ್ಡೆಯೊಂದು ಅಮುಕತೊಡಗಿದಾಗ ಆ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಬುಧವಾರ ಸ್ಟೆಂಟ್ ಸಿದ್ಧವಾಯಿತು. ಗುರುವಾರವೇ ಹಾಕುತ್ತೇವೆ ಎಂದಿದ್ದರು ಡಾಕ್ಟರು. ಆದರೆ ಅದರ ಹೊರಮೈಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗಾಳಿಗುಳ್ಳೆ ಉಳಿದಿತ್ತು.

"ಇದ್ರಿಂದ ಏನೂ ಆಗಲ್ಲ, ಕಳಿಸ್ಬಿಡು," ಎಂದೆ. ನಿಜಕ್ಕೂ ಏನೂ ಆಗುತ್ತಿರಲಿಲ್ಲ. ಬೇರೆಯವರದಾಗಿದ್ದರೆ ಅವನೂ ಕಳಿಸುತ್ತಿದ್ದ.

"ನಮ್ಮಕ್ಕನಿಗೆ ಇಂಥದ್ದಾ?" ಎಂದವನೇ ಕತ್ತರಿ ತೆಗೆದುಕೊಂಡು ಅದನ್ನು ಎರಡು ತುಂಡು ಮಾಡಿ, ಹೊಸದಾಗಿ ಅಚ್ಚಿಗೆ ಸುರಿಯಲು ಕೂತ.

ಶುಕ್ರವಾರ ಬೆಳಿಗ್ಗೆ ಎರಡನೆಯದನ್ನು ತುಟಿಗೆ ಸೋಕಿಸುತ್ತಿದ್ದಾಗ ಫೋನ್ ಬಂತು. ಅಕ್ಕ ಉಸಿರುಕಟ್ಟಿ ತೀರಿಕೊಂಡಿದ್ದಳು.

ನಾವಿಬ್ಬರೂ ಅವಳ ಮನೆಗೆ ಹೋದೆವು. ಭಾವ ಅವನ ಹೆಗಲನ್ನು ತಬ್ಬಿಕೊಂಡು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. ಸಾಣೆ ನನ್ನ ಮುಖವನ್ನೇ ನೋಡುತ್ತಿದ್ದ.

"ಅಕ್ಕ ಅಂದ್ರೆ ಪ್ರಾಣ ಇವನಿಗೆ. ಬೇರೆಯವ್ರಿಗೆ ಮಾಡೋದಕ್ಕಿಂತ ಎರಡು ದಿನ ಜಾಸ್ತಿನೇ ಕೂತು ಮಾಡಿದಾನೆ."