ಹಿಡಿದಿಟ್ಟ ಗೋಡೆ

ಗೋಡೆಗಾಗಿ ಮನುಷ್ಯನ ಕೈ ಮುರಿಯುತ್ತಾರೆಂದು ಹುಬ್ಬಳ್ಳಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಗೋಡೆಗೆ ಉಗುಳುತ್ತಾರೆ, ಪೋಸ್ಟರ್ ಅಂಟಿಸುತ್ತಾರೆ. ಅದಕ್ಕಾಗಿ ರಕ್ತ ಹರಿದದ್ದನ್ನು ನಾನಂತೂ ಕಂಡಿಲ್ಲ.

ನಾನೂ ನನ್ನ ಗಂಡ ಮಂಜುನೂ ಅಂಗಡಿ ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆಯಿತು. ಕೊಚ್ಚಿಯ ವೈಟ್ಟಿಲ ಬಸ್ ನಿಲ್ದಾಣದ ಗೋಡೆಗಳಿಗೆ ಚಿತ್ರ ಬರೆಯುವ ಕೂಲಿ ಸಿಕ್ಕಿತು, ಬಂದೆವು. ಏನು ಬರೆಯಬೇಕೆಂದು ಹೇಳುವವರು ದಿನಾ ಅಲ್ಲಿ ಬಸ್ ಹತ್ತುವ ಜನ. ಮೀನು ಮಾರುವ ಅಮ್ಮಿಣಿ ಚೇಚಿ ತನ್ನ ಬುಟ್ಟಿಯನ್ನೇ ಬರೆಸಿಕೊಂಡಳು. ಚೇಚಿ ಎಂದರೆ ಅಕ್ಕ. ಅವಳ ಮನೆಯ ಹಿಂದಿನ ಕೋಣೆಯಲ್ಲೇ ನಮ್ಮ ವಾಸ. ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದ ನಾನು ಅವಳ ಮತ್ತಿ ಕರಿ, ಅಂದರೆ ಬೂತಾಯಿ ಸಾರು, ಚಪ್ಪರಿಸುವಂತಾದೆ.

ಚಿತ್ರ ಬೆಳೆದು ನಿಲ್ದಾಣದ ಹೊರಗಿನ ಗೋಡೆಗೆ ದಾಟಿತು. ಅಲ್ಲಿ ಯಾರೋ ಆಗಲೇ ಸುಣ್ಣ ಬಳಿದಿದ್ದರು. ಅರ್ಧ ಕೆಲಸ ಉಳಿಯಿತೆಂದು ಹಿಗ್ಗಿದೆ. ಮೂಲೆಯಲ್ಲಿ ಸಣ್ಣ ಮಲಯಾಳಂ ಅಕ್ಷರಗಳಿದ್ದವು. ಓದಲು ಬಾರದ ನಾನು ಅದರ ಮೇಲೇ ನೀಲಿ ಹಚ್ಚಿದೆ. ಇಲ್ಲಿ ಚುನಾವಣೆಗೆ ಬಹಳ ಮೊದಲೇ ಪಕ್ಷದವರು ಸುಣ್ಣ ಬಳಿದು, ಮೂಲೆಯಲ್ಲಿ ಹೆಸರು ಬರೆದು ಗೋಡೆ ಹಿಡಿದಿಡುತ್ತಾರೆ. ಅದನ್ನು ಬೇರೆಯವರು ಮುಟ್ಟುವಂತಿಲ್ಲ. ಇದು ನನಗೆ ಗೊತ್ತಾದದ್ದು ಆಮೇಲೆ.

ಮಧ್ಯಾಹ್ನ ನಾಲ್ವರು ಬಂದರು. "ಆರಾಡಾ ಇದ್ ಚೆಯ್ದದ್?" ಯಾರಲೇ ಇದನ್ನು ಮಾಡಿದವನು ಎಂದು ಒಬ್ಬ ಅರಚಿದ. ಮಂಜು ನನಗೆ ಅಡ್ಡ ನಿಂತು, "ತಪ್ಪಾತ್ರೀ, ಅಳಸ್ತೇವ್ರೀ" ಎಂದ. ಅವರು ರೋಲರಿನ ಕಬ್ಬಿಣದ ಕೋಲು ಕಿತ್ತುಕೊಂಡು ಅವನ ಬಲಗೈಗೇ ಬಾರಿಸಿದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನ ಪಕ್ಕೆಗೆ ಒದ್ದರು, ಮುಖ ತುಳಿದರು. ನಾನು ಗೋಡೆ ಕೆರೆಯುವ ಪಟ್ಟಿ ಹಿಡಿದು ಒಬ್ಬನ ಕೆನ್ನೆ ಸೀಳಿದೆ. ಅದಕ್ಕೆ ಇಂದಿಗೂ ನನಗೆ ಬೇಸರವಿಲ್ಲ. ಅವನು ನನ್ನ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸುವಾಗ ಅಮ್ಮಿಣಿ ಚೇಚಿ ಮೀನಿನ ಕತ್ತಿ ಎತ್ತಿಕೊಂಡು ಓಡಿಬಂದಳು.

"ತೊಟ್ಟಾಲ್ ವೆಟ್ಟುಂ! ಇವಳ್ ಞಙ್ಙಳ್ಡೆ ಕೊಚ್ಚಾ!"

ಮುಟ್ಟಿದರೆ ಕಡಿಯುತ್ತೇನೆ, ಇವಳು ನಮ್ಮ ಹುಡುಗಿ ಎಂದು ಅಬ್ಬರಿಸಿದಳು. ಬಸ್ಸಿನವರೂ ಇಳಿದು ಬರುವುದನ್ನು ನೋಡಿ ಅವರು ಕಾಲ್ಕಿತ್ತರು.

ಆಸ್ಪತ್ರೆಯಲ್ಲಿ ಮಂಜು, "ನಡಿ, ಊರಿಗೆ ಹೋಗೂಣು. ಇಲ್ಲೆ ನಮ್ಮವರು ಯಾರ್ ಅದಾರ?" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ಕೈ ಮುರದವ್ರೂ ಇಲ್ಲಿಯವರ, ನಿನ್ನ ಎತ್ಕೊಂಡ್ ಬಂದವ್ರೂ ಇಲ್ಲಿಯವರ. ಅಲ್ಲೆ ಉಪಾಸ ಬಿದ್ದಾಗ ಯಾರ್ ಬಂದಿದ್ರು?"

ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ಕುಂಚ ಹಿಡಿಯಲಾಗದವನು ಊರಿಗೆ ಹೋದ. ನಾನು ಉಳಿದು ನಿಲ್ದಾಣದ ಚಿತ್ರ ಮುಗಿಸಿದೆ.

ದೀಪಾವಳಿಗೆ ಹುಬ್ಬಳ್ಳಿಗೆ ಹೋದಾಗ ಮನೆಯ ಮುಂದಿನ ಗೋಡೆಗೆ ಹೊಸ ಸುಣ್ಣವಿತ್ತು. ರೂಢಿಯಂತೆ ಮೂಲೆ ನೋಡಿದೆ. ಎಡಗೈಯ ಸೊಟ್ಟ ಅಕ್ಷರಗಳಲ್ಲಿ ಮಂಜು ಅಲ್ಲಿ ನನ್ನ ಹೆಸರು ಬರೆದಿದ್ದ: ರೇಣುಕಾ.

"ಯಾರಿಗೂ ಮುಟ್ಟಾಕ ಬಿಡೂದಿಲ್ಲ" ಎಂದ.

ಆ ಗೋಡೆ ಇನ್ನೂ ಖಾಲಿ ಇದೆ. ನಾನು ಮರುದಿನವೇ ಕೊಚ್ಚಿಯ ರೈಲು ಹತ್ತಿದೆ.