ಗೊತ್ತಿದ್ದವರಿಬ್ಬರು

ಇನ್ವರ್ಟರ್ ರಿಪೇರಿಗೆ ಪಡೀಲಿನ ಒಂದು ಮನೆಗೆ ಹೋಗಿದ್ದೆ. ಗಲ್ಫ್ ಕೆಲಸ ಮುಗಿಸಿ ಬಂದಿದ್ದ ಯಜಮಾನರು, “ಬ್ಯಾಟರಿಯೇ ಹೋಗಿದೆ” ಎಂದರು. ಬ್ಯಾಟರಿಯ ವಯರ್ ಸಡಿಲವಾಗಿದ್ದದ್ದು ನನಗೆ ಕಾಣುತ್ತಿತ್ತು. ಹೆಂಗಸು ನೇರ ಹೇಳಿದರೆ ಗಂಡಸರ ಮುಖ ಸಣ್ಣದಾಗುತ್ತದೆ. ಹಾಗಾಗಿ, “ಇರಬಹುದು ಸರ್, ಒಮ್ಮೆ ವಯರ್ ಬಿಗಿ ಮಾಡಿ ನೋಡುವಾ?” ಎಂದೆ.

ವಯರ್ ಬಿಗಿ ಮಾಡಿ, ಮೇನ್ ಕರೆಂಟ್ ತೆಗೆದು ನೋಡಿದರೆ ಇನ್ವರ್ಟರಿನಲ್ಲೇ ಫ್ಯಾನ್ ತಿರುಗಿತು. “ನನಗೂ ವಯರಿನ ಮೇಲೆಯೇ ಡೌಟ್ ಇತ್ತು” ಎಂದರು ಅವರು.

ಮೂವತ್ತು ವರ್ಷ ಫಿಸಿಕ್ಸ್ ಕಲಿಸಿದ್ದ, ಶಾಲೆಯಲ್ಲಿ ನನಗೂ ಟೀಚರಾಗಿದ್ದ ಅವರ ಹೆಂಡತಿ ಗೇಟಿನವರೆಗೆ ಬಂದು ಮೆಲ್ಲಗೆ ಹೇಳಿದರು: “ವಯರ್ ಅಂತ ನನಗೆ ಮೊನ್ನೆಯೇ ಗೊತ್ತಾಗಿತ್ತು. ಅವರಿಗೇ ಕಾಣಲಿ ಅಂತ ಕಾದೆ. ಸೆಕೆ ತಡೆಯಲಿಕ್ಕೆ ಆಗಲಿಲ್ಲ, ನಿನ್ನನ್ನು ಕರೆದೆ.”

“ನೀವೇ ಹೇಳಬಹುದಿತ್ತಲ್ಲ ಟೀಚರ್?”

“ನೀನು ಹೇಳಿದ್ಯಾ ಮಗಳೇ?”

ಉತ್ತರ ಗೊತ್ತಿದ್ದೂ ಟೀಚರ ಎದುರು ನಾನು ಸುಮ್ಮನೆ ನಿಂತದ್ದು ಅದೇ ಮೊದಲು.