ಕೊನೆಯ ಪ್ಯಾರಾದಲ್ಲಿ ಆರ್ವಿಲ್

ಕೆಂಡ್ರಾ ಸ್ಟಿಡಮ್ ಕೂತಲ್ಲಿ ಕೂರುವ ಹುಡುಗಿಯಲ್ಲ. ಕುರ್ಚಿಯಲ್ಲಿದ್ದಾಗಲೂ ಅವಳ ಬಲಮಂಡಿ ಹೊಲಿಗೆ ಯಂತ್ರದ ಸೂಜಿಯಂತೆ ಕುಣಿಯುತ್ತಿತ್ತು. ಅಮೆರಿಕದ ಕೆಂಟಕಿಯ ಗುಡ್ಡಗಳ ನಡುವಿನ ಸಣ್ಣ ಕಾಲೇಜಿನಲ್ಲಿ ಮೂರನೆಯ ವರ್ಷ. ಈ ಬೇಸಿಗೆಯಲ್ಲಿ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ. ಅದಕ್ಕಾಗಿ ಬದುಕನ್ನೆಲ್ಲ ಗಂಟೆಗಳಾಗಿ ಬರೆದಿಡುತ್ತಿದ್ದಳು: ಡಾಕ್ಟರ ಬೆನ್ನ ಹಿಂದೆ ನಿಂತು ನೋಡಿದ್ದು ಅರವತ್ತು, ವೃದ್ಧಾಶ್ರಮದಲ್ಲಿ ಆಯಾ ಆಗಿ ದುಡಿದದ್ದು ಒಂಬೈನೂರ ನಲವತ್ತು.

ಅದರಲ್ಲಿ ಬಹುಪಾಲು ಆರ್ವಿಲ್ ರಟ್ಲೆಜ್‌ನ ಕೋಣೆಯಲ್ಲೇ ಕಳೆದದ್ದು. ಎಂಬತ್ತನಾಲ್ಕು ವರ್ಷದ ಮುದುಕ, ಗಣಿಯ ಕಲ್ಲಿದ್ದಲಿಗೆ ಅರ್ಧ ಶ್ವಾಸಕೋಶ ಕೊಟ್ಟವನು.

ಫೆಬ್ರವರಿಯಲ್ಲಿ ಅವನಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಒಯ್ದರು. ವಾಪಸು ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು. ಕೆಂಡ್ರಾ ಆ ವಾರವೇ ಅರ್ಜಿಯ ಪ್ರಬಂಧ ಬರೆದಳು. ಕೊನೆಯ ಪ್ಯಾರಾದಲ್ಲಿ ಆರ್ವಿಲ್ ಅವಳ ಕೈ ಹಿಡಿದು, ಧನ್ಯವಾದ ಹೇಳಿ, ಪ್ರಾಣ ಬಿಟ್ಟ.

ಹನ್ನೆರಡನೆಯ ದಿನ ಅವನು ಗಾಲಿಕುರ್ಚಿಯಲ್ಲಿ ಬಂದು, ತನ್ನ ಚೆಕರ್ಸ್ ಆಟದ ಹಲಗೆ ಯಾರು ಮುಟ್ಟಿದ್ದೆಂದು ಕೂಗಾಡಿದ. ಪ್ರಬಂಧ ಹಾಗೆಯೇ ಉಳಿಯಿತು. ಸಲಹೆಗಾರ್ತಿ ಹೋಲ್ಕಂಬ್ ಆ ಪ್ಯಾರಾದ ಸುತ್ತ ಗೆರೆ ಎಳೆದು, "ಇಲ್ಲಿ ಅತ್ತುಬಿಟ್ಟೆ. ಒಂದಕ್ಷರವನ್ನೂ ಮುಟ್ಟಬೇಡ" ಎಂದು ಬರೆದಿದ್ದರು. ಕಾಲೇಜಿನ ಸಮಿತಿ ಅದನ್ನು ಓದಿ, ಗುರುವಾರ ಅವಳನ್ನು ಮಾತಾಡಿಸಿ, ಮೆಡಿಕಲ್ ಕಾಲೇಜುಗಳಿಗೆ ಪತ್ರ ಕೊಡುತ್ತದೆ. ಅದರಲ್ಲಿ 'ಬಲವಾಗಿ ಶಿಫಾರಸು' ಎಂದಿರಬೇಕು. ಬರೀ 'ಶಿಫಾರಸು' ಎಂದಿದ್ದರೆ ಅನೇಕ ಬಾಗಿಲುಗಳು ತೆರೆಯುವುದಿಲ್ಲ.

ಬುಧವಾರ ಆರ್ವಿಲ್‌ನ ಕಾಲಿಗೆ ಮುಲಾಮು ಹಚ್ಚುತ್ತಿದ್ದಳು.

"ಏನ್ ಡಾಕ್ಟ್ರೇ, ನನ್ ಬಗ್ಗೆ ಏನೋ ಬರ್ದಿದೀಯಂತೆ? ನರ್ಸಮ್ಮ ಹೇಳಿದ್ಳು. ಓದು ನೋಡೋಣ."

"ಬೇಡ ಬಿಡಿ ಮಿಸ್ಟರ್ ಆರ್ವಿಲ್. ಸುಮ್ನೆ ಬೋರು."

"ಬೋರಾದ್ರೆ ಮಲಗ್ತೀನಿ. ಓದು."

ಕೈ ಒರೆಸಿಕೊಂಡು, ಫೋನಿನಲ್ಲಿದ್ದ ಪ್ರಬಂಧ ಓದಿದಳು. ಕೊನೆಯ ಪ್ಯಾರಾ ಬಂದಾಗ ದನಿ ಕುಸಿಯಿತು. ಆದರೂ ನಿಲ್ಲಿಸಲಿಲ್ಲ.

ಮುದುಕ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಯಾವ ವಾರ ಸತ್ತೆ?"

"...ಮಂಗಳವಾರ."

"ಮಂಗಳವಾರ ಇಲ್ಲಿ ಮೀನು ಕರೀತಾರೆ ಕಣಮ್ಮ. ಆವತ್ತು ನಾನ್ ಸಾಯಲ್ಲ." ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ನಗು ಉಳಿದಿರಲಿಲ್ಲ. "ಥ್ಯಾಂಕ್ಸ್ ಅಂದ್ನಾ ನಾನು? ನನ್ ಹೆಂಡ್ತಿಗೇ ಹೇಳ್ಲಿಲ್ಲ ನಾನು ಅದನ್ನ. ಆಂಬುಲೆನ್ಸಿಗೆ ಹತ್ತಿಸೋವಾಗ ನಿಜವಾಗ್ಲೂ ಏನಂದೆ?"

"ಬೆನ್ನು ಕೆರಿ ಅಂದ್ರಿ."

"ಕೆರೆದ್ಯಾ?"

"ಕೆರೆದೆ. ಇನ್ನೂ ಮೇಲೆ, ಇನ್ನೂ ಮೇಲೆ ಅಂತ ಬೈದ್ರಿ."

"ಮತ್ತೆ ಅದನ್ನ ಬರಿ. ಸತ್ತೋನ್ ಹತ್ರ ಯಾರ್ ಬೇಕಾದ್ರೂ ಒಳ್ಳೇವ್ರಾಗ್ಬೋದು."

ಅವಳು ಮುಲಾಮಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

ಗುರುವಾರ ಬೆಳಿಗ್ಗೆ ಹೊಸ ಪುಟ ಓದಿದ ಹೋಲ್ಕಂಬ್ ಕನ್ನಡಕ ತೆಗೆದರು. "ಮೊದ್ಲಿನಷ್ಟು ಚೆನ್ನಾಗಿಲ್ಲ, ಕೆಂಡ್ರಾ. ಸಮಿತಿಯವ್ರು ಮೊದ್ಲಿಂದನ್ನ ಓದಾಗಿದೆ. ಯಾಕೆ ಬದಲಾಯ್ತು ಅಂತ ಕೇಳೇ ಕೇಳ್ತಾರೆ."

"ಕೇಳ್ಲಿ ಮೇಡಂ."

ಹೇಳಿದ್ದೇನೋ ಸುಲಭ. ಸಂಜೆ ನಾಲ್ಕಕ್ಕೆ ಸಮಿತಿಯ ಬಾಗಿಲ ಹೊರಗೆ ಬೆಂಚಿನಲ್ಲಿ ಕೂರಲಾಗದೆ ಎದ್ದು ತಿರುಗಿದಳು, ನೀರು ಕುಡಿದಳು, ಗೋಡೆಯ ಗಡಿಯಾರಕ್ಕೂ ಕೈಗಡಿಯಾರಕ್ಕೂ ಎರಡು ನಿಮಿಷದ ಅಂತರ ಕಂಡುಹಿಡಿದಳು. ಒಳಗೆ ಮೂವರು ಕೂತಿದ್ದರು. ಜೀವಶಾಸ್ತ್ರದ ಪ್ರೊಫೆಸರ್ ಎರಡೂ ಪುಟ ಎತ್ತಿ ಹಿಡಿದರು.

"ಹಾಗಾದ್ರೆ ಈ ಮನುಷ್ಯ ಸತ್ತಿಲ್ಲ?"

"ಇಲ್ಲ ಸರ್. ಮಧ್ಯಾಹ್ನ ಅವ್ರ ಉಗುರು ಕತ್ತರಿಸಿ ಬಂದೆ."

"ಸುಳ್ಳು ಬರೆದೆ ಅಂತಾಯ್ತು."

"ಹೌದು ಸರ್. ಸತ್ರು ಅಂದ್ರೆ ನಾನು ಚೆನ್ನಾಗಿ ಕಾಣ್ತಿದ್ದೆ."

ಮೂರು ಪೆನ್ನುಗಳು ಏನನ್ನೋ ಬರೆದುಕೊಂಡವು.

ಹತ್ತು ದಿನಕ್ಕೆ ಪತ್ರ ಸಿದ್ಧವಾಯಿತು. ಅದರಲ್ಲಿನ ಮಾತನ್ನು ಹೋಲ್ಕಂಬ್ ತಾವೇ ತಿಳಿಸಿದರು: 'ಶಿಫಾರಸು'. ಹಿಂದೆ ಮುಂದೆ ಏನೂ ಇಲ್ಲ.

ಆರ್ವಿಲ್‌ಗೆ ಹೇಳಿದಾಗ ಅವನು ಚೆಕರ್ಸ್ ಹಲಗೆ ಬಿಡಿಸುತ್ತಿದ್ದ.

"ನಾನ್ ಸತ್ತಿದ್ರೆ ಒಳ್ಳೇದಿತ್ತು ಅಂತೀಯಾ?"

"ಅರ್ಜಿಗೆ, ಹೌದು."

"ಮುಂದಿನ್ ವರ್ಷ ಮತ್ತೆ ಹಾಕು. ಅಷ್ಟರೊಳಗೆ ನೋಡೋಣ." ಕಣ್ಣು ಮಿಟುಕಿಸಿ ಬೆನ್ನು ತಿರುಗಿಸಿದ. "ಸ್ವಲ್ಪ ಇಲ್ಲಿ... ಇನ್ನೂ ಮೇಲೆ."

ಅವಳು ಕೆರೆಯತೊಡಗಿದಳು. ಮೇಜಿನ ಕೆಳಗೆ ಮಂಡಿ ಇನ್ನೂ ಕುಣಿಯುತ್ತಲೇ ಇತ್ತು. ಅದರ ತಾಳಕ್ಕೆ ಹಲಗೆಯ ಮೇಲಿನ ಕಾಯಿಗಳು ಸಣ್ಣಗೆ ನಡುಗಿದವು. ಆ ಸಂಜೆಯ ಗಂಟೆಗಳನ್ನು ಅವಳು ಎಲ್ಲಿಯೂ ಬರೆದಿಡಲಿಲ್ಲ.